ಬೋರಾಮಣಿಯ ಭಂಗಾರ

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ನಾನು ವಿಮಾ ಕಂಪನಿಯೊಂದರ ಸರ್ವೇಯರ್ ಆಗಿದ್ದೆ. ಬಿದ್ದ, ಸುಟ್ಟ, ಕಳುವಾದ ಗಾಡಿಗಳನ್ನು ನೋಡಿ, ನಷ್ಟವೆಷ್ಟು, ಉಳಿದದ್ದರ ಬೆಲೆಯೆಷ್ಟು ಎಂದು ಬರೆದುಕೊಡುವುದು ನನ್ನ ಕೆಲಸ. ನನ್ನ ಸ್ವಂತದ್ದು ಒಂದು ಸೈಕಲ್ ಇತ್ತು. ಅದರ ಚೈನು ಬಿದ್ದರೆ ಹಾಕಲು ನನಗೆ ಬರುತ್ತಿರಲಿಲ್ಲ. ಇದನ್ನು ಕಂಪನಿಗೆ ಹೇಳಿರಲಿಲ್ಲ.

ಒಂದು ಗುರುವಾರ ಚಾದರದ ವ್ಯಾಪಾರಿಯೊಬ್ಬರು ತಮ್ಮ ಅಂಬಾಸಿಡರ್ ಕಾರಿನಲ್ಲಿ ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋದರು. ಕಾರನ್ನು ಬೇವಿನ ಮರದ ಕೆಳಗೆ ಬಿಟ್ಟು, ಚಪ್ಪಲಿಯನ್ನು ಮಾತ್ರ ಕಾಯುವವನ ಕೈಗೆ ಒಪ್ಪಿಸಿ ಬಿಲ್ಲೆ ಪಡೆದರು. ದರ್ಶನ, ಪ್ರಸಾದ ಮುಗಿಸಿ ಹೊರಬಂದಾಗ ಚಪ್ಪಲಿ ಇದ್ದವು, ಕಾರು ಇರಲಿಲ್ಲ.

ಎರಡು ವಾರದ ಮೇಲೆ ಪೊಲೀಸರು ಅದನ್ನು ಬೋರಾಮಣಿಯ ಹುಲ್ಲುಗಾವಲಿನಲ್ಲಿ ಪತ್ತೆಹಚ್ಚಿ, ಪಂಚನಾಮೆ ಮುಗಿಸಿ, ತೆಗೆದುಕೊಂಡು ಹೋಗಿ ಎಂದರು. ನಾನೂ ಕಾರಿನ ಮಾಲಕರಾದ ಆ ಸಾಹುಕಾರರೂ ಎಸ್‌ಟಿ ಬಸ್ಸು ಹಿಡಿದು ಹೋದೆವು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ಜೋಲಿ ಹೊಡೆಯುತ್ತಲೇ ಸಾಹುಕಾರರು ಕಳ್ಳರ ಮೂರು ತಲೆಮಾರನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬೈದು ಮುಗಿಸಿದರು.

ಕಾರು ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಚಕ್ರ ಇಲ್ಲ, ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಸೀಟುಗಳಿಲ್ಲ, ನಾಲ್ಕು ಬಾಗಿಲುಗಳಲ್ಲಿ ಎರಡು ಇಲ್ಲ. ದೀಪಗಳಿದ್ದ ಜಾಗದಲ್ಲಿ ಎರಡು ತೂತು. ಮುಂದಿನ ಗಾಜಿನ ಕೆಳಗೆ ಅಂಟಿಸಿದ್ದ ದೇವರ ಫೋಟೋವನ್ನು ಮಾತ್ರ ಕಳ್ಳರು ಮುಟ್ಟಿರಲಿಲ್ಲ. ಭಕ್ತಿ ಇತ್ತೋ, ಗಿರಾಕಿ ಇರಲಿಲ್ಲವೋ. ಸಾಹುಕಾರರು ಒಳಗೆ ಹೋಗಿ, ಸೀಟಿರಬೇಕಾದಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಟಿಯರಿಂಗ್ ಇರಬೇಕಾದಲ್ಲಿ ಒಮ್ಮೆ ಕೈಯಾಡಿಸಿದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ನಿಯಮ ಹೀಗಿತ್ತು: ಉಳಿದದ್ದಕ್ಕೆ ನಾನು ಎಷ್ಟು ಬೆಲೆ ಕಟ್ಟುತ್ತೇನೋ ಅಷ್ಟನ್ನು ಪರಿಹಾರದಲ್ಲಿ ಮುರಿದುಕೊಂಡು, ಆ ಗೂಡನ್ನು ಕಂಪನಿ ಮಾಲಕರಿಗೇ ಬಿಡುತ್ತಿತ್ತು. ಹಾಗಾಗಿ ಅದು ಕಸಕ್ಕೆ ಸಮ ಎಂದು ತೋರಿಸುವುದರಲ್ಲೇ ಸಾಹುಕಾರರ ಲಾಭ.

"ಇದರಾಗ ಏನ್ ಉಳದೈತ್ರಿ ಸಾಹೇಬ್ರ? ಭಂಗಾರ ಐತಿ, ನುಸ್ತಾ ಭಂಗಾರ! ಐವತ್ತು ರೂಪಾಯಿ ಬರಕೊಳ್ರಿ."

ಮರಾಠಿಯ ನುಸ್ತಾ ಎಂದರೆ ಬರೀ, ಭಂಗಾರವೆಂದರೆ ಗುಜರಿ. ಆದರೆ ಕಾರಿನ ಹಿಂಭಾಗದಿಂದ ಒಂದು ದನಿ ಬಂತು: "ಬಂಗಾರ ಐತೇನ್ರಿ ಇದರಾಗ?"

ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡ, ಕುರಿ ಕಾಯುವ ಮುದುಕಿ. ನಾವು ಅಲ್ಲಿಯವರೆಗೆ ಗಮನಿಸಿರಲಿಲ್ಲ, ಹಿಂದಿನ ಸೀಟಿನ ಜಾಗದಲ್ಲಿ ಅವಳ ಕುರಿಯೊಂದು ಎರಡು ಮರಿ ಹಾಕಿ ಮಲಗಿತ್ತು. "ನೋಡ್ರಿ, ಕಬ್ಬಣದ ಮನಿ. ತ್ವಾಳ ಬಂದರೂ ಹಲ್ಲು ಮುರಕೊಂಡು ಹೋಗ್ತಾವ."

"ಬಂಗಾರ ಅಲ್ಲ ಬೇ, ಭಂಗಾರ. ಕಸಾ," ಎಂದರು ಸಾಹುಕಾರರು.

"ಕಸಾ ಆದ್ರ ನನಗ ಬಿಟ್ಟು ಹೋಗ್ರಿ ಸಾವ್ಕಾರ್ರ. ಪುಣ್ಯಾ ಬರತೈತಿ."

ಸಾಹುಕಾರರ ಮೀಸೆ ಅದುರಿತು. ಪುಕ್ಕಟೆ ಕೇಳಿದ್ದನ್ನು ಅವರ ಕಿವಿ ಜನ್ಮದಲ್ಲಿ ಸಹಿಸಿರಲಿಲ್ಲ. "ಪುಕ್ಕಟಿ? ಏನ್ ಮಾತಾಡಾಕತ್ತೀ? ಬಡದು ನೋಡ ಈ ತಗಡಿನ ಪತ್ರಾ! ಒಂದು ತುಕ್ಕಿನ ಡಾಗು ಐತೇನು? ಮ್ಯಾಲಿನ ಛತ್ತ ಹೊಸಾದು ಇದ್ದಂಗ ಐತಿ. ಹಿಂದಿನ ಗಾಜು ಒಡೀದಂಗ ಸಾಬೂತ ಐತಿ. ಕೆಳಗ ಹಿಂದಿನ ಎಕ್ಸಲ್ ಹಂಗ ಐತಿ, ಅದೊಂದಕ್ಕ ಎಂಐಡಿಸಿ ಕಾರಖಾನ್ಯಾಗಿನ ಲೇಥಿನಾಂವ ಮುನ್ನೂರು ಎಣಿಸ್ತಾನ. ಎಲ್ಲಾ ಕೂಡಿ ಎಂಟನೂರಕ್ಕ ಒಂದು ಪೈಸಾ ಕಮ್ಮಿ ಇಲ್ಲ!"

ಎಕ್ಸಲ್ ಉಳಿದದ್ದು ನನಗೆ ಕಂಡೇ ಇರಲಿಲ್ಲ. ಅವರು ಹೇಳಿದ ಕ್ರಮದಲ್ಲೇ ಒಂದೊಂದಾಗಿ ಬರೆದುಕೊಂಡೆ. ಪೆನ್ನಿನ ಸಪ್ಪಳಕ್ಕೆ ಸಾಹುಕಾರರು ತಿರುಗಿ ನೋಡಿದರು.

"ಏನ್ ಬರ್ಯಾಕತ್ತೀರಿ?"

"ನೀವು ಹೇಳಿದ್ದನ್ನ ರೀ."

"ಅದು ಆಕಿಗಿ ಹೇಳಿದ್ದ್ರೀ! ನಿಮಗಲ್ಲ!"

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಸಾಹುಕಾರರು ಮೊದಲು ಸಿಟ್ಟಾದರು, ಆಮೇಲೆ ಕಲ್ಲಿನ ಮೇಲೆ ಕೂತು ಬೆವರೊರೆಸಿಕೊಂಡರು. ಕಡೆಗೆ ವ್ಯಾಪಾರಿಯ ಬುದ್ಧಿ ಎಚ್ಚರಾಯಿತು. "ಆತ್ರಿ, ಎಂಟನೂರು. ಆದ್ರ ಇಲ್ಲಿಂದ ಸೊಲ್ಲಾಪುರಕ್ಕ ಹೊತಗೊಂಡು ಹೋಗೋ ಟ್ರಕ್ಕಿನ ಬಾಡಿಗಿ? ನಾಕು ಹಮಾಲರು? ಅದು ಯಾರಪ್ಪಂದು?"

ಮಾತು ನ್ಯಾಯವಾಗಿತ್ತು. ಆ ಖರ್ಚು ಕಳೆದು ಐನೂರು ಬರೆದೆ. ಅವರು ಸಹಿ ಹಾಕಿದರು. ಆದರೆ ಕಾಗದದಲ್ಲಿ ಬೆಲೆ ಕಟ್ಟಿದ ಮಾತ್ರಕ್ಕೆ ಕಾರು ಎದ್ದು ನಡೆಯುವುದಿಲ್ಲವಲ್ಲ. ಸಾಹುಕಾರರು ಎಕ್ಸಲ್ ಬಿಚ್ಚಿಸಿಕೊಂಡು ಉಳಿದದ್ದನ್ನು ಮುದುಕಿಗೇ ಮಾರುವುದೆಂದು ತೀರ್ಮಾನಿಸಿದರು. ಅವಳು ಒಂದು ಟಗರು ಕೊಡುತ್ತೇನೆಂದಳು.

"ಶಿವಾ ಶಿವಾ, ಟಗರು ತಗೊಂಡು ನಾ ಏನ್ ಮಾಡಲಿ?"

"ಹಂಗಾರ ನಾಕು ಕಂಬಳಿ."

"ಅಂಗಡಿ ತುಂಬ ಚಾದರ ಅದಾವ ನನ್ನಲ್ಲಿ!"

"ನಿಮ್ಮ ಚಾದರ ಮಳಿಗಿ ತಡೀತಾವೇನ್ರಿ?"

ಸಾಹುಕಾರರು ಐದು ಬೆರಳು ತೋರಿಸಿದರು. ಐದು ಕಂಬಳಿಗೆ ವ್ಯವಹಾರ ಕುದುರಿತು. ದೇವರ ಫೋಟೋವನ್ನು ಅವರು ಉಗುರಿನಿಂದ ಮೆಲ್ಲಗೆ ಬಿಡಿಸಿ ಜೇಬಿಗಿಟ್ಟುಕೊಂಡರು.

ಆಫೀಸಿನಲ್ಲಿ ನನ್ನ ವರದಿ ನೋಡಿದ ಮ್ಯಾನೇಜರರು, ಎಕ್ಸಲ್ಲನ್ನೂ ಬಿಡದೆ ಪರೀಕ್ಷಿಸಿದ್ದೀರಿ ಎಂದು ಮೆಚ್ಚಿಕೊಂಡರು. ನಾನು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯವೆಂದುಕೊಂಡರು.

ಮರುವರ್ಷ ಲಾರಿಯೊಂದರ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದೆ. ಕಾರಿಗೆ ಜಾಲಿಮುಳ್ಳಿನ ಬಾಗಿಲು ಬಂದಿತ್ತು. ಒಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಕಿಟಕಿಯಿಂದ ಮೂತಿ ಹೊರಹಾಕಿದ್ದವು. ಮುದುಕಿ ನನ್ನ ಗುರುತು ಹಿಡಿದು ಹತ್ತಿರ ಬಂದಳು.

"ಸಾಯೇಬ್ರ, ಬೀರೋಬಾನ ದಯಾದಿಂದ ಹಿಂಡು ಹೆಚ್ಚಾಗೇತ್ರಿ. ಎಲ್ಲ್ಯಾರ ಬಸ್ಸು ಕಳುವಾದ್ರ ನನಗೊಂದು ಮಾತು ಹೇಳ್ರಿ."