ಬೆನಕಪ್ಪನ ಸುಣ್ಣ ಹಚ್ಚಿದ ಎಲೆ

ಎಪ್ಪತ್ತರ ದಶಕದ ಕೊನೆಗೆ ಚನ್ನಗಿರಿಯ ಬೆನಕಪ್ಪನಿಗೆ ಅಂಗಡಿ ಇರಲಿಲ್ಲ. ಇದ್ದದ್ದನ್ನು ಉದ್ರಿ ಕೊಟ್ಟೂ ಕೊಟ್ಟೂ ಮುಚ್ಚಿಕೊಂಡಿದ್ದ. ಆ ಮುಚ್ಚಿದ ಅಂಗಡಿಯೇ ಅವನ ಹೊಸ ಬಂಡವಾಳ. "ಯಾರು ದುಡ್ಡು ಕೊಡಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತೈತ್ರೀ? ಎಲ್ಲಾ ನನ್ನ ಅಂಗಡೀಲೇ ಓದಿ ಪಾಸಾದೋರು" ಎಂದು ತಾನೇ ನಗುತ್ತಿದ್ದ.

ಪರವೂರಿನ ಗಿರಾಕಿಗೆ ಉದ್ರಿ ಕೊಡುವ ಮುನ್ನ ಅಡಿಕೆ ಮಂಡಿಯವರು ಬೆನಕಪ್ಪನನ್ನು ಕರೆಸಿ ಕಾಫಿ ಕುಡಿಸುತ್ತಿದ್ದರು. ಅವನು ಬಾಯಿಬಿಟ್ಟು ಯಾರನ್ನೂ ಹಳಿದವನಲ್ಲ. ಕೇಳಿದವರ ಕೈಗೆ ಎಲೆಅಡಿಕೆ ಕೊಡುತ್ತಿದ್ದ, ಅಷ್ಟೆ. ಎಲೆಗೆ ಸುಣ್ಣ ಹಚ್ಚಿದ್ದರೆ ಕಣ್ಣುಮುಚ್ಚಿ ಮಾಲು ಕೊಡಬಹುದು. ಸುಣ್ಣವಿಲ್ಲದಿದ್ದರೆ ಅರ್ಧ ಮುಂಗಡ. ಎಲೆಯೇ ಇಲ್ಲದೆ ಬರೀ ಅಡಿಕೆ ಬಂತೋ, ಗಿರಾಕಿಯನ್ನು ಮರ್ಯಾದೆಯಿಂದ ಬಸ್ಸು ಹತ್ತಿಸಿ ಬರುವುದು.

ಕಾಫಿಯಿಂದ ಸಂಸಾರ ನಡೆಯುತ್ತದೆಯೇ? ವಿಚಾರಿಸುವವರು ಲೋಟ ಕೊಟ್ಟರೆ, ವಿಚಾರಣೆಗೆ ಒಳಗಾಗುವವರು ಡಬ್ಬಿಯನ್ನೇ ಕೊಡುತ್ತಾರೆಂದು ತಿಳಿದದ್ದು ಜಗಳೂರಿನ ಅಂಜಿನಪ್ಪ ಅಡಿಕೆ ಖರೀದಿಗೆ ಬಂದಾಗ. "ಮನೇಲಿ ಕಡ್ಲೆಕಾಯಿ ಎಣ್ಣೆ ಐತೇನಣ್ಣಾ?" ಎಂದಷ್ಟೇ ಕೇಳಿದ, ಪುಣ್ಯಾತ್ಮ; ಸಂಜೆಗೆ ಎಣ್ಣೆ ಡಬ್ಬಿ ಬೆನಕಪ್ಪನ ಬಾಗಿಲಲ್ಲಿತ್ತು. ಅಂದಿನಿಂದ ಅವನ ಹೆಸರಿನ ಎಲೆಗೆ ಗೋಡೆಗೆ ಬಳಿದಷ್ಟು ಸುಣ್ಣ. ಹೊನ್ನಾಳಿ, ನ್ಯಾಮತಿಯ ವ್ಯಾಪಾರಿಗಳೂ ಡಬ್ಬಿ ಹಿಡಿದು ಬಂದರು.

ಆ ವರ್ಷ ಹೆಂಡತಿ ಸಿದ್ದಲಿಂಗಮ್ಮ ತವರಿನವರು ಕೊಟ್ಟ ಎರಡು ಮೂಟೆ ಅಡಿಕೆಯನ್ನು ಅವನಿಗೊಪ್ಪಿಸಿದಳು. "ಹೊಲಿಗೆ ಮಿಷನ್ನು ತಗಬೇಕು. ಕೈಗೆ ರೊಕ್ಕ ಬಂದ್ರಷ್ಟೇ ಮೂಟೆ ಬಿಡ್ರಿ."

ಮಂಡಿಯಲ್ಲಿ ಹೆಚ್ಚು ದರ ಕೂಗಿದವನು ಅಂಜಿನಪ್ಪನೇ. "ರೊಕ್ಕ ಮುಂದಿನ ತಿಂಗಳು, ಅಣ್ಣಾ."

"ಈಗ್ಲೇ ಕೊಡಾಕೆ ಆಗಲ್ವಾ?" ಬೆನಕಪ್ಪನ ದನಿ ಇಳಿದಿತ್ತು.

ಮಂಡಿಯ ಮುರುಗೇಶಪ್ಪ ತಿರುಗಿ ನೋಡಿದ. "ಯಾಕ್ರೀ? ಮೊನ್ನೆ ನೀವು ಕೊಟ್ಟ ಎಲೆಯಿಂದ ನನ್ನ ನಾಲಿಗೆ ಇನ್ನೂ ಉರೀತೈತೆ, ಅಷ್ಟು ಸುಣ್ಣ! ಅದನ್ನ ನಂಬಿ ನಲವತ್ತು ಮೂಟೆ ಕೊಟ್ಟೀನಿ. ನಿಮ್ಮ ಎರಡಕ್ಕೇನು ರೋಗ?"

ಮಂಡಿಯೇ ಕಿವಿಯಾಗಿತ್ತು. ಇಲ್ಲವೆಂದರೆ ನಾಳೆಯಿಂದ ಅವನ ಎಲೆಯನ್ನು ಆಡೂ ಮೂಸುವುದಿಲ್ಲ; ಹೂಂ ಎಂದರೆ ಮಿಷನ್ನು ಜಗಳೂರಿನ ಬಸ್ಸು ಹತ್ತುತ್ತದೆ. "ಛೇ, ತಮಾಷೆ ಮಾಡ್ದೆ ಕಣ್ರೀ" ಎಂದು ತಾನೇ ಮೂಟೆಗೆ ಕೈಕೊಟ್ಟು ಎತ್ತಿಸಿದ.

ಮುಂದಿನ ತಿಂಗಳು ಬಂತು, ಹೋಯಿತು, ಅಂಜಿನಪ್ಪ ಬರಲಿಲ್ಲ. ಮುರುಗೇಶಪ್ಪನ ಕಾಫಿಯೂ ನಿಂತಿತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಬೆನಕಪ್ಪ ಎಂದಿನಂತೆ ಎಲೆಗೆ ಕೈಚಾಚಿದ. ಸಿದ್ದಲಿಂಗಮ್ಮ ಬರೀ ಅಡಿಕೆ ಇಟ್ಟಳು.

"ಎಲೆ ಎಲ್ಲೇ?"

"ನಿಮ್ಮದೇ ಲೆಕ್ಕ ಅಲ್ಲೇನ್ರೀ?"

ಬೆನಕಪ್ಪ ಅಡಿಕೆಯನ್ನು ಬಾಯಿಗೆಸೆದುಕೊಂಡ. "ಸರಿಯಾಗೇ ತೂಗಿದ್ದೀಯ ಬಿಡು," ಎಂದ. "ನನ್ನ ಹತ್ರ ಒಂದು ಡಬ್ಬಿ ಎಣ್ಣೇನೂ ಕೇಳಲಿಲ್ಲ."