ಕೊಟೇಶನ್ನಿನ ಮೊಟ್ಟೆ

ನಮ್ಮ ಶಿಫಾನಾ ಮೇಡಂ ಡಾಕ್ಟರು. ಆದರೆ ಜ್ವರಕ್ಕೆ ಮದ್ದು ಕೊಡುವವರಲ್ಲ. ಮೊಟ್ಟೆಯೊಳಗೆ ಕೋಳಿಮರಿಯ ರೆಕ್ಕೆ ಹೇಗೆ ಮೂಡುತ್ತದೆ ಎಂದು ನೋಡುತ್ತಲೇ ಯೌವನ ಕಳೆದವರು. ಪುಣೆ, ಜರ್ಮನಿ ಸುತ್ತಿ ಬಂದು ಈಗ ಮೂಡುಬಿದಿರೆ ಕಡೆಯ ನಮ್ಮ ಕಾಲೇಜಿನಲ್ಲಿ, ವರ್ಷ ವರ್ಷವೂ ನವೀಕರಣವಾಗಬೇಕಾದ ಹುದ್ದೆಯಲ್ಲಿದ್ದಾರೆ.

ಸಂಶೋಧನೆಗೆಂದು ಅವರು ಮೊಟ್ಟೆ ಕೇಳಿದರು. ಖರೀದಿ ಸಮಿತಿ ನಿಯಮದಂತೆ ಕೊಟೇಶನ್ ತರಿಸಿ, ಎಲ್ಲಕ್ಕಿಂತ ಅಗ್ಗದ ಅಂಗಡಿಯನ್ನು ಆರಿಸಿತು.

"ಇದು ಹುಂಜ ಇಲ್ಲದ ಫಾರ್ಮಿನ ಮೊಟ್ಟೆ ಸರ್. ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ," ಎಂದರು ಮೇಡಂ.

"ಹುಂಜದ ವಿಷಯ ನಿಯಮದಲ್ಲಿ ಇಲ್ಲ ಮೇಡಂ," ಎಂದರು ಸಮಿತಿಯ ಅಧ್ಯಕ್ಷರು. "ಬೇಕಾದರೆ ಹುಂಜ ಉಂಟು ಅಂತ ಅಂಗಡಿಯವರಿಂದ ಬರೆಸಿಕೊಳ್ಳುವ."

ಅಂಗಡಿಯವರು ಸೀಲು ಹಾಕಿಯೇ ಬರೆದುಕೊಟ್ಟರು.

ಆಮೇಲೆ ಮೇಡಂ ವಾದಕ್ಕೆ ಹೋಗಲಿಲ್ಲ. ವಾರಕ್ಕೊಮ್ಮೆ ಕಕ್ಕಿಂಜೆಗೆ ಹೋಗಿ, ಅಲ್ಲಿರುವ ತಮ್ಮ ಅಜ್ಜಿ ಬೀಫಾತಿಮಾರ ಊರುಕೋಳಿಗಳ ಮೊಟ್ಟೆಯನ್ನು ಟಿಫಿನ್ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲಲ್ಲೇ ಹಿಡಿದು ತರುತ್ತಾರೆ. ಅವು ಪ್ರಯೋಗಾಲಯದ ಕಾವುಪೆಟ್ಟಿಗೆಗೆ. ಸಮಿತಿಯ ಮೊಟ್ಟೆಗಳು ಕ್ಯಾಂಟೀನಿಗೆ. ಅಲ್ಲಿಂದ ಆಮ್ಲೆಟ್ ಆಗಿ ಅಧ್ಯಕ್ಷರ ಮೇಜಿಗೆ.

ಈ ವರ್ಷ ಮೇಡಂ ಬರೆದ ಪ್ರಬಂಧ ಪ್ರಕಟವಾಯಿತು. ಹುದ್ದೆ ನವೀಕರಣದ ತಿಂಗಳೂ ಅದೇ. ಕೊನೆಯ ಪುಟದಲ್ಲಿ, ಮೊಟ್ಟೆ ಒದಗಿಸಿದ್ದಕ್ಕಾಗಿ ಖರೀದಿ ಸಮಿತಿಗೆ ಕೃತಜ್ಞತೆ ಹೇಳಿದ್ದಾರೆ. ಬೀಫಾತಿಮಾರ ಹೆಸರಿಲ್ಲ.

ಪಾಪ, ಅವರಲ್ಲಿ ಹುಂಜವಿದೆ, ಸೀಲಿಲ್ಲ.