ಬಚ್ಚಲಿಗೆ ಸುರಿದ ನೀರು

ಆಸ್ಟ್ರೇಲಿಯಾದ ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ನನ್ನ ಗೆಳತಿ ಸಹನಾಳ ಹೊಸ ಮನೆ. ಭಾನುವಾರ ಗೃಹಪ್ರವೇಶ. ಇವತ್ತು ಬೆಳಿಗ್ಗೆ ಟೈಲ್ಸ್ ಹಾಕಿದ ಲಿಯಾಂಗ್ ಅಂಕಲ್ ಬಂದು, ತಾವೇ ಮುಗಿಸಿದ ಬಚ್ಚಲಿನ ನೆಲಕ್ಕೆ ಒಂದು ಬಕೆಟ್ ನೀರು ಸುರಿದರು. ಕುಕ್ಕರುಗಾಲಿನಲ್ಲಿ ಕೂತು, ಅದು ಹರಿದು ನಿಲ್ಲುವವರೆಗೂ ನೋಡಿದರು. ಒಂದು ಮೂಲೆಯಲ್ಲಿ ಅಂಗೈಯಗಲ ನೀರು ಉಳಿಯಿತು.

“ಇಷ್ಟು ಟೈಲ್ಸ್ ಕೀಳಬೇಕು. ಒಂದು ವಾರ ಬೇಕು,” ಎಂದರು.

“ಒರೆಸ್ಕೋತೀವಿ ಬಿಡಿ ಅಂಕಲ್. ಪೂಜೆಗೆ ಅಂತಲೇ ಅಮ್ಮ ಮೈಸೂರಿಂದ ಬಂದಿದ್ದಾರೆ, ಮಂಗಳವಾರ ವಾಪಸ್ ಹೋಗ್ತಾರೆ,” ಎಂದಳು ಸಹನಾ.

“ದಿನಾ ಒರೆಸ್ತೀಯಾ? ಇಳಿಜಾರು ಅಳೆಯೋ ಲೇಸರ್ ಸರಿ ಇದೆ ಅಂತು. ನೀರಿಗೆ ನನ್ನ ಮುಲಾಜಿಲ್ಲ. ನಮ್ಮಪ್ಪ ಕೆಲಸ ಮುಗಿಸಿ ನೀರನ್ನೇ ಕೇಳ್ತಿದ್ದರು.”

ಚೀನಾದ ತಾವೊ ಚಿಂತನೆಯಲ್ಲಿ ನೀರು ಯಾರಿಗೂ ಬೇಡವಾದ ತಗ್ಗಿಗೆ ಇಳಿಯುತ್ತದೆ ಎಂದು ಓದಿ, ಅದು ವಿನಯದ ಸಂಕೇತ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ತಪ್ಪು ಇರುವ ಜಾಗಕ್ಕೂ ಅದು ಹಾಗೆಯೇ ಇಳಿಯುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಸಹನಾ ಹೊರಗೆ ಹೋಗಿ, ಬಾಡಿಗೆ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದಳು. “ಅಮ್ಮಾ, ಇನ್ನೊಂದೆರಡು ವಾರ ಉಳ್ಕೋತೀಯಾ?”

ಒಳಗೆ ಲಿಯಾಂಗ್ ಅಂಕಲ್ ತಮ್ಮದೇ ಟೈಲ್ಸ್ ಮೇಲೆ ಉಳಿ ಇಟ್ಟು ಮೊದಲ ಪೆಟ್ಟು ಹಾಕಿದರು.